ಬೆಂಗಳೂರಿನ ಹೆಸರಿರುವ ಕಲ್ಲು ಮ್ಯೂಸಿಯಂನಲ್ಲಿಲ್ಲ

‘ಬೆಂಗಳೂರಿನ ಹೆಸರಿರುವ ಬೇಗೂರಿನ ಕಲ್ಲು ಈಗ ಮ್ಯೂಸಿಯಂನಲ್ಲಿದೆ, ಬೇಗೂರಿಗೆ ಹೋಗಿ ಪ್ರಯೋಜನವಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಅದು ತಪ್ಪು. ಎರಡು ಕಲ್ಲುಗಳನ್ನು ಒಂದೇ ಅಂದುಕೊಂಡಿದ್ದಾರೆ.

ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿರುವುದೂ ಬೇಗೂರಿನದೇ. ಆನೆ, ಕುದುರೆ, ಬಿದ್ದ ಸೈನಿಕರು ಎಲ್ಲ ಒತ್ತೊತ್ತಾಗಿ ಕೆತ್ತಿರುವ ದೊಡ್ಡ ವೀರಗಲ್ಲು ಅದು. ಬಹಳ ಸೊಗಸಾಗಿದೆ, ಖಂಡಿತ ನೋಡಿ. ಆದರೆ ಅದು ಹೇಳುವುದು ತುಂಬೆಪಾಡಿಯ ಯುದ್ಧದ ಕಥೆ. ಗಂಗರ ಪರವಾಗಿ ನಾಗತ್ತರ ಎಂಬ ವೀರ ಹೋರಾಡಿದ್ದು.

ಬೆಂಗಳೂರಿನ ಕಾಳಗವನ್ನು ಹೆಸರಿಸುವ ಶಾಸನ ಬೇರೆ. ಸುಮಾರು ಕ್ರಿ.ಶ. 890ರದ್ದು, ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಿನದು. ಅದು ಇವತ್ತಿಗೂ ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲೇ ಇದೆ. ಊರಿನ ಹೆಸರು ಹೊತ್ತ ಕಲ್ಲನ್ನು ನೋಡದೆ ವಾಪಸ್ ಬರೋದು ಬೇಡ, ಅಲ್ವಾ? ಅಕ್ಷರಗಳು ಸವೆದಿವೆ, ದಯವಿಟ್ಟು ಸುಣ್ಣ, ಪುಡಿ ಹಚ್ಚಿ ಓದಲು ಹೋಗಬೇಡಿ. ಪಕ್ಕದಿಂದ ಟಾರ್ಚ್ ಬಿಟ್ಟರೆ ಸಾಕು.