ಡಾರ್ಸಿ ಕೊಲೆ ಮಾಡಲ್ಲ ಅಂತ ಮೊದಲೇ ಗೊತ್ತಿತ್ತಲ್ವಾ!

ನಿನ್ನೆ ರಾತ್ರಿ ಎರಡು ಗಂಟೆವರೆಗೆ ಕೂತು ಇಂಗ್ಲಿಷ್ ಪತ್ತೇದಾರಿ ಲೇಖಕಿ ಪಿ.ಡಿ. ಜೇಮ್ಸ್ ಬರೆದ ‘ಡೆತ್ ಕಮ್ಸ್ ಟು ಪೆಂಬರ್ಲಿ’ ಮುಗಿಸಿದೆ. ಜೇನ್ ಆಸ್ಟಿನ್ 1813ರಲ್ಲಿ ಬರೆದ ‘ಪ್ರೈಡ್ ಅಂಡ್ ಪ್ರಿಜುಡಿಸ್’ನ ಪಾತ್ರಗಳನ್ನೇ ಇಟ್ಟುಕೊಂಡು ಹೆಣೆದ ಕೊಲೆ ಕಾದಂಬರಿ ಅದು. ಮುಗಿಸಿ, ಪುಸ್ತಕವನ್ನು ಮಂಚದ ಮೇಲೆ ಕುಕ್ಕಿದೆ. ಜೇನ್ ಆಸ್ಟಿನ್ ವಿಷಯದಲ್ಲಿ ನಾನು ಎಂಥ ಹುಚ್ಚಿ ಅಂತ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಇದು ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1803ರ ಅಕ್ಟೋಬರ್. ಆಸ್ಟಿನ್ ಕತೆಯ ನಾಯಕ ಡಾರ್ಸಿ, ನಾಯಕಿ ಎಲಿಜಬೆತ್ ಮದುವೆಯಾಗಿ ಆರು ವರ್ಷ. ಮಾರನೇ ದಿನ ಅವರ ಪೆಂಬರ್ಲಿ ಮನೆಯಲ್ಲಿ ದೊಡ್ಡ ನೃತ್ಯಕೂಟ. ಬಿರುಗಾಳಿಯ ರಾತ್ರಿ ಒಂದು ಸಾರೋಟು ಓಡೋಡಿ ಬರುತ್ತದೆ. ಅದರಿಂದ ಎಲಿಜಬೆತ್ ತಂಗಿ ಲಿಡಿಯಾ, ತನ್ನ ಗಂಡ ‘ವಿಕಮ್ ಸತ್ತುಹೋದ’ ಅಂತ ಕಿರುಚುತ್ತಾ ಇಳಿಯುತ್ತಾಳೆ. ಕಾಡಿಗೆ ಹೋಗಿ ನೋಡಿದರೆ ಸತ್ತಿರುವುದು ವಿಕಮ್ ಅಲ್ಲ, ಅವನ ಗೆಳೆಯ ಕ್ಯಾಪ್ಟನ್ ಡೆನ್ನಿ. ವಿಕಮ್ ಕುಡಿದ ಅಮಲಿನಲ್ಲಿ ಹೆಣದ ಪಕ್ಕ ಮಂಡಿಯೂರಿ, ನಾನೇ ಕೊಂದೆ ಅಂತ ಗೋಳಾಡುತ್ತಿದ್ದಾನೆ. ಆಹಾ, ಶುರು ಅಂದರೆ ಹೀಗಿರಬೇಕು! ದಿಂಬು ಸರಿಮಾಡಿಕೊಂಡು ಕೂತೆ.

ಸಿಟ್ಟು ಬಂದಿದ್ದು ಆಮೇಲೆ. ಕೊಲೆ ಕಾದಂಬರಿ ಅಂದಮೇಲೆ ಎಲ್ಲರ ಮೇಲೂ ಅನುಮಾನ ಬರಬೇಕು ಅಲ್ವಾ? ಇಲ್ಲಿ ಡಾರ್ಸಿ ಮೇಲೆ ಬರುವುದಿಲ್ಲ. ಎಲಿಜಬೆತ್ ಮೇಲಂತೂ ಕೇಳಲೇಬೇಡಿ. ಇವರಿಗೆಲ್ಲ ಆಸ್ಟಿನ್ 1813ರಲ್ಲೇ ಜಾಮೀನು ಕೊಟ್ಟುಬಿಟ್ಟಿದ್ದಾಳೆ. ಡಾರ್ಸಿಯ ಸೋದರಸಂಬಂಧಿ ಕರ್ನಲ್ ಫಿಟ್ಜ್‌ವಿಲಿಯಂ ಕಡೆ ಒಂದಿಷ್ಟು ಹೊತ್ತು ಬೆರಳು ತೋರಿಸಿ, ಆಮೇಲೆ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಕೊಂದವನು ಯಾರು ಗೊತ್ತಾ? (ಪುಸ್ತಕ ಬಂದಿದ್ದು 2011ರಲ್ಲಿ. ಇನ್ನೂ ಓದದವರು ನನ್ನನ್ನು ಬೈಯಬೇಡಿ.) ಆಳಿನ ಮಗ, ಕಾಡಿನ ಗುಡಿಸಲಲ್ಲಿ ಸಾಯುತ್ತಾ ಮಲಗಿದ್ದವನು! ತಂಗಿಗೆ ಮೋಸ ಮಾಡಿದ ವಿಕಮ್ ಅಂದುಕೊಂಡು ಡೆನ್ನಿಗೆ ಹೊಡೆಯುತ್ತಾನೆ. ತಪ್ಪೊಪ್ಪಿಗೆ ಬರೆದುಕೊಟ್ಟು ಕಣ್ಣು ಮುಚ್ಚುತ್ತಾನೆ. ಎಷ್ಟು ಅನುಕೂಲ ನೋಡಿ! ಗಲ್ಲಿಗೇರಿಸುವ ಕಷ್ಟವೂ ಇಲ್ಲ, ಪೆಂಬರ್ಲಿಯ ಕಾರ್ಪೆಟ್‌ಗೆ ಕಲೆಯೂ ಇಲ್ಲ.

ಕ್ಲಾಡಿಯಾ ಗ್ರೇ 2022ರಲ್ಲಿ ಬರೆದ ‘ದಿ ಮರ್ಡರ್ ಆಫ್ ಮಿಸ್ಟರ್ ವಿಕಮ್’ ಸ್ವಲ್ಪ ವಾಸಿ. ಅಲ್ಲಿ ಆಸ್ಟಿನ್‌ನ ಬೇರೆಬೇರೆ ಕಾದಂಬರಿಗಳ ಜೋಡಿಗಳನ್ನು ಅವಳ ಇನ್ನೊಬ್ಬ ನಾಯಕಿ ಎಮ್ಮಾಳ ಮನೆಗೆ ಕರೆಸಿ, ಆ ಅತಿಥಿಗಳನ್ನೇ ಅನುಮಾನಕ್ಕೆ ಗುರಿ ಮಾಡುತ್ತಾರೆ. ಆದರೆ ಸಾಯುವವನು? ಮತ್ತೆ ವಿಕಮ್ಮೇ. ಸತ್ತರೆ ಒಂದು ತೊಟ್ಟು ಕಣ್ಣೀರೂ ಬೀಳದ ಮನುಷ್ಯನನ್ನು ಕೊಲ್ಲಲು ಎಂಥ ಧೈರ್ಯ ಬೇಕು? ಡಾರ್ಸಿಯ ಗೆಳೆಯ, ಆ ಒಳ್ಳೇ ಮನುಷ್ಯ ಬಿಂಗ್ಲಿಯನ್ನು ಕೊಲ್ಲಿ ನೋಡೋಣ.

ಈಗ ಯಾರಾದರೂ ಬಂದು, ಹಳೇ ಪಾತ್ರಗಳನ್ನು ಮತ್ತೆ ಬರೆಯುವುದು ತಪ್ಪಾ, ನಮ್ಮ ಪಂಪ ಮಾಡಲಿಲ್ವಾ ಅಂತ ಕೇಳುತ್ತಾರೆ. ಮಾಡಿದ, ಸ್ವಾಮಿ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿ ಮಾಡಿದ. ಐದು ಗಂಡಂದಿರ ಕತೆಯನ್ನೇ ಎತ್ತಿಟ್ಟ. ಅದು ಕೈ ಹಾಕುವುದು ಅಂದರೆ. ಇದು ಗಾಜಿನ ಬೊಂಬೆಗಳನ್ನು ಶೋಕೇಸಿಂದ ತೆಗೆದು, ಧೂಳು ಒರೆಸಿ, ವಾಪಸ್ ಅಲ್ಲೇ ಇಡುವ ಕೆಲಸ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆಸ್ಟಿನ್‌ನ ‘ಎಮ್ಮಾ’ ಕಾದಂಬರಿಯನ್ನು ಪತ್ತೇದಾರಿ ಕತೆಯಾಗಿ ಓದಬಹುದು ಅಂತ 1998ರಲ್ಲಿ ಭಾಷಣ ಮಾಡಿದವರು ಇದೇ ಜೇಮ್ಸ್! ಎಷ್ಟು ನಿಜ. ಅದರಲ್ಲಿ ಫ್ರಾಂಕ್ ಚರ್ಚಿಲ್ ಅನ್ನೋ ಹುಡುಗ ಬರೀ ಕೂದಲು ಕತ್ತರಿಸಿಕೊಳ್ಳಲು ಹದಿನಾರು ಮೈಲಿ ದೂರದ ಲಂಡನ್‌ಗೆ ಹೋಗಿಬರುತ್ತಾನೆ. ಊರೆಲ್ಲ ನಗುತ್ತದೆ. ಅಷ್ಟರಲ್ಲೇ ಅದೇ ಊರಲ್ಲಿದ್ದ ಜೇನ್ ಫೇರ್‌ಫ್ಯಾಕ್ಸ್ ಅನ್ನೋ ಹುಡುಗಿಯ ಮನೆಗೆ ಹೆಸರಿಲ್ಲದ ಯಾರೋ ಕಳಿಸಿದ ಪಿಯಾನೋ ಬರುತ್ತದೆ. ಇನ್ನೊಂದು ದಿನ ಎಮ್ಮಾ ಆ ಮನೆಯೊಳಗೆ ಕಾಲಿಟ್ಟರೆ, ಜೇನ್‌ಳ ಅಜ್ಜಿ ತೂಕಡಿಸುತ್ತಿದ್ದಾಳೆ, ಫ್ರಾಂಕ್ ತಲೆ ಬಗ್ಗಿಸಿ ಅಜ್ಜಿಯ ಕನ್ನಡಕ ರಿಪೇರಿ ಮಾಡುತ್ತಿದ್ದಾನೆ, ಜೇನ್ ಬೆನ್ನು ಹಾಕಿ ಪಿಯಾನೋ ಮುಂದೆ ನಿಂತಿದ್ದಾಳೆ. ಆಗಷ್ಟೇ ಏನು ನಡೆದಿತ್ತು? (ಅವರಿಬ್ಬರೂ ಗುಟ್ಟಾಗಿ ಮದುವೆ ನಿಶ್ಚಯ ಮಾಡಿಕೊಂಡವರು!) ಎಲ್ಲ ನಮ್ಮ ಕಣ್ಣೆದುರೇ ಇದೆ, ಆದರೂ ನಾವು ಎಮ್ಮಾಳ ಜೊತೆ ಸೇರಿ ದಡ್ಡರಾಗುತ್ತೇವೆ. ಒಂದೇ ಒಂದು ಹೆಣ ಇಲ್ಲ! ಇದನ್ನು ಅಷ್ಟು ಚೆನ್ನಾಗಿ ಬಲ್ಲವರು, 91ರ ವಯಸ್ಸಿನಲ್ಲಿ ಹೆಣ ತಂದು ಹಾಕಿದರು, ಗುಟ್ಟನ್ನು ಮಾತ್ರ ತರಲಿಲ್ಲ.

ಸರಿ, ನಿಜ ಹೇಳಿಬಿಡುತ್ತೇನೆ. ಕೊನೇ ಪುಟಗಳಲ್ಲಿ ಡಾರ್ಸಿಯೇ ಕೊಲೆಗಾರ ಅಂತ ಬಂದಿದ್ದರೆ ಈ ಪುಸ್ತಕವನ್ನು ಕಿಟಕಿಯಿಂದ ಆಚೆ ಎಸೆದು, ಇದಕ್ಕಿಂತ ಉದ್ದದ ಪೋಸ್ಟ್ ಹಾಕಿರುತ್ತಿದ್ದೆ. ನನ್ನಂಥವರಿಗೆ ಹೆದರಿಯೇ ಬರೆಯುವವರು ಹೀಗೆ ಬರೆಯುವುದು. ಗೊತ್ತು. ಆದರೂ ಸಿಟ್ಟು ಇಳಿದಿಲ್ಲ.

ನನ್ನನ್ನು ಕೇಳಿದರೆ ನಾವು ಅನುಮಾನ ಪಡಬೇಕಾದದ್ದು ಎಲಿಜಬೆತ್ ತಂಗಿ ಮೇರಿ ಮೇಲೆ. ಐದು ಜನ ಅಕ್ಕತಂಗಿಯರ ನಡುವಿನವಳು, ಯಾರಿಗೂ ಬೇಡದವಳು. ಬಿಂಗ್ಲಿಯ ನೆದರ್‌ಫೀಲ್ಡ್ ಮನೆಯಲ್ಲಿ ತುಂಬಿದ ಸಭೆಯ ಮುಂದೆ ಪಿಯಾನೋ ಹತ್ತಿರ ಹಾಡುತ್ತಿದ್ದ ಆ ಹುಡುಗಿಯನ್ನು ಸ್ವಂತ ಅಪ್ಪನೇ ಸಾಕು ನಿಲ್ಲಿಸು ಅಂದ. ಎಲ್ಲರೂ ಅಪ್ಪನ ಜೋಕಿಗೆ ನಕ್ಕೆವು. ಅವಳು ಆ ರಾತ್ರಿ ಮನೆಗೆ ಹೋಗಿ ಏನು ಮಾಡಿದಳು ಅಂತ ಯಾರಾದರೂ ಕೇಳಿದ್ದೀರಾ?