ಸತ್ಯಾಂಶ: ಮನೆಮಾತು ಆಡಿದರೆ ಮಗು ಹಿಂದೆ ಬೀಳುತ್ತದೆಯೇ?

‘ಮನೆಯಲ್ಲಿ ತುಳು, ಕೊಂಕಣಿ ಆಡಿದರೆ ಮಗುವಿಗೆ ಗೊಂದಲ. ಬರೀ ಇಂಗ್ಲಿಷ್ ಮಾತಾಡಿ’ ಎಂಬ ಮೆಸೇಜ್ ಪೋಷಕರ ಗುಂಪುಗಳಲ್ಲಿ ಓಡಾಡುತ್ತದೆ. ಇದು ನಿಜವಲ್ಲ.

ದಕ್ಷಿಣ ಕನ್ನಡದ ಒಂದನೇ ತರಗತಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಗೆಳೆಯನನ್ನು ತುಳುವಿನಲ್ಲಿ ‘ಇಡೆ ಬಲ’ (ಇಲ್ಲಿ ಬಾ) ಎಂದು ಕರೆದ ಮಗುವೇ, ತಿರುಗಿ ‘ಟೀಚರ್, ಇಲ್ಲಿ ಬನ್ನಿ’ ಎನ್ನುತ್ತದೆ. ಯಾರ ಹತ್ತಿರ ಯಾವ ಭಾಷೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಒಮ್ಮೊಮ್ಮೆ ಎರಡನ್ನೂ ಬೆರೆಸುತ್ತದೆ, ನಿಜ. ನಾವೂ ಬೆರೆಸುತ್ತೇವೆ ಅಲ್ವಾ?

ಮನೆಮಾತಿನಲ್ಲಿ ಕಲಿತ ಎಣಿಕೆ, ಕತೆ ಹೇಳುವ ಬಗೆ ಹೊಸ ಭಾಷೆಯಲ್ಲೂ ಕೈಹಿಡಿಯುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಸಾಧ್ಯವಿದ್ದಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಿ ಎನ್ನುತ್ತದೆ.

ತೊಂದರೆ ಶುರುವಾಗುವುದು ‘ತುಳು ಮಾತಾಡಬೇಡ’ ಎಂದು ಗದರಿಸಿದಾಗ. ಆಮೇಲೆ ಆ ಮಗು ಗೊತ್ತಿರುವ ಉತ್ತರಕ್ಕೂ ಕೈ ಎತ್ತುವುದಿಲ್ಲ.