‘ನೈಸ್’ ಅಷ್ಟು ಸಪ್ಪೆ ಪದವಲ್ಲ

‘ನೈಸ್ ಅನ್ನೋದು ಸಪ್ಪೆ ಪದ, ಮಕ್ಕಳಿಗೆ ಬಳಸೋಕೆ ಬಿಡಬೇಡಿ’ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಮನೆಯಲ್ಲೇ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪದದ ಹುಟ್ಟು ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಮೂಲ ಲ್ಯಾಟಿನ್‌ನ ‘ನೆಸ್ಕಿಯಸ್’, ಅಂದರೆ ಏನೂ ಅರಿಯದವ. ಹಳೆಯ ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಅಂದರೆ ದಡ್ಡ! ಆಮೇಲೆ ನಾಜೂಕು, ಕರಾರುವಾಕ್ಕು ಎಂದೆಲ್ಲ ಬದಲಾಯಿತು. ‘ಚೆನ್ನಾಗಿದೆ’ ಎಂಬ ಅರ್ಥ ಬಂದದ್ದು 18ನೇ ಶತಮಾನದಲ್ಲಿ. ಸೂಕ್ಷ್ಮ ವ್ಯತ್ಯಾಸಕ್ಕೆ ‘ನೈಸ್ ಡಿಸ್ಟಿಂಕ್ಷನ್’ ಅನ್ನುವುದು ಈಗಲೂ ಉಂಟು.

ಕನ್ನಡದಲ್ಲೂ ಅದು ಸುಮ್ನೆ ಕೂತಿಲ್ಲ. ಮೊನ್ನೆ ಗಿರಣಿಗೆ ಜೋಳದ ಡಬ್ಬಿ ತಂದ ಅಜ್ಜಿಯೊಬ್ಬರು, ‘ನೈಸ್ ಬೀಸಪಾ, ಇಲ್ಲಂದ್ರ ರೊಟ್ಟಿ ಹರಿತಾವ’ ಅಂದರು. ಬಿಸಿ ಹಿಟ್ಟನ್ನು ಒಂದು ಚಿಟಿಕೆ ತೆಗೆದು, ಹೆಬ್ಬೆರಳಲ್ಲಿ ಉಜ್ಜಿ ನೋಡಿ, ‘ಛಲೋ ಆಗ್ಯಾದ’ ಅಂದರು. ಅವರಿಗೆ ನೈಸ್ ಅಂದರೆ ನುಣ್ಣಗೆ, ಮೆಚ್ಚುಗೆಗೆ ಛಲೋ. ಎಷ್ಟು ಸ್ಪಷ್ಟ ಅಲ್ವಾ? ಇನ್ನು ‘ನೈಸ್ ಮಾಡಬೇಡ’ ಅಂದರೆ ಬೆಣ್ಣೆ ಹಚ್ಚಬೇಡ ಅಂತ.

ದಯವಿಟ್ಟು ಮಕ್ಕಳ ಬಾಯಿಂದ ಪದವನ್ನೇ ಬಿಡಿಸಬೇಡಿ. ‘ಊಟ ನೈಸ್’ ಅಂದ ಮಗುವಿಗೆ ಯಾವುದು, ರೊಟ್ಟಿಯೋ ಪುಂಡಿಪಲ್ಯವೋ ಎಂದು ಕೇಳಿ. ನಾನು ಹಾಗೇ ಕೇಳುತ್ತೇನೆ, ಮುಂದಿನ ವಾಕ್ಯ ಅವರೇ ಹೇಳುತ್ತಾರೆ.